ಸುಗಂಧಿಗೆ ನಾನು ಕೊಟ್ಟ ಎರಡು ವರ್ಷ

ಶಂಕರನಾರಾಯಣ ಗ್ರಾಮ, 1946

ಮದುವೆ ತಡೆಯುವ ಅಧಿಕಾರವುಳ್ಳ ಮಾನ್ಯ ಮ್ಯಾಜಿಸ್ಟ್ರೇಟರೇ,

ಹನ್ನೆರಡು ವರ್ಷದ ಸುಗಂಧಿಗೆ ಬರುವ ಗುರುವಾರ ಮದುವೆ. ಹದಿನಾಲ್ಕು ತುಂಬದ ಹುಡುಗಿಯ ಮದುವೆ ಅಪರಾಧವೆನ್ನುವ ಕಾನೂನು ಬಂದು ಹದಿನಾರು ವರ್ಷವಾಯಿತು. ಪಾಪ, ಅದಾದರೂ ಪ್ರಾಯಕ್ಕೆ ಬಂದಿದೆ. ಅದನ್ನು ನಂಬಿ ತಡೆಯಾಜ್ಞೆ ಬೇಡಲು ತಮ್ಮ ಕಚೇರಿಗೆ ಬಂದವನು ನಾನು, ಅವಳ ಶಾಲೆಯ ಮೇಷ್ಟ್ರು. ತಾವು ಅರ್ಜಿ ತಳ್ಳಿಹಾಕಿದಿರಿ. ಶಾಲೆಯ ದಾಖಲಾತಿ ಪುಸ್ತಕದ ಪ್ರಕಾರ ಅವಳಿಗೆ ಹದಿನಾಲ್ಕು ವರ್ಷ ಮೂರು ತಿಂಗಳಂತೆ. ಎಂಥ ನಿಖರತೆ!

ಆ ಪುಸ್ತಕ ಬರೆದ ಮಹಾನುಭಾವ ಯಾರೆಂದು ತಾವು ಕೇಳಲೇ ಇಲ್ಲ. ನಾನೇ ಸ್ವಾಮಿ. ಎಂಟು ವರ್ಷದ ಹಿಂದೆ ಅಣ್ಣನ ಕೈಹಿಡಿದು ಬಂದ ನಾಲ್ಕು ವರ್ಷದ ಕೂಸು ಅದು. ಐದು ತುಂಬದವರನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ, ಇನ್‌ಸ್ಪೆಕ್ಟರರು ಬರುವವರಿದ್ದರು, ಒಂದು ತಲೆ ಕಡಿಮೆಯಾಗಿ ಶಾಲೆ ಮುಚ್ಚುವುದರಲ್ಲಿತ್ತು. ಆರು ಎಂದು ಬರೆದೆ. ನಮ್ಮ ಕಡೆ ಮಕ್ಕಳು ಹುಟ್ಟುವುದು ಮನೆಯಲ್ಲಾದರೂ ತಾರೀಖು ಹುಟ್ಟುವುದು ಮೇಷ್ಟ್ರ ಮೇಜಿನ ಮೇಲೆ. ತಮ್ಮದೂ ಹಾಗೆಯೇ ಇದ್ದೀತು.

ಅಂದು ತಮ್ಮ ಕಚೇರಿಯ ಜಗಲಿಯಲ್ಲೇ ಅವಳ ಅಪ್ಪ ಅಣ್ಣಯ್ಯ ನನ್ನ ಕಿವಿಯ ಬಳಿ ಬಗ್ಗಿ ನಕ್ಕ: "ಹ್ವಾಯ್ ಮೇಷ್ಟ್ರೇ, ನೀವ್ ಬರ್ದದ್ದೇ ಅಲ್ದಾ? ಈಗ ಸುಳ್ಳ್ ಅಂದ್ರೆ ಹ್ಯಾಂಗೆ?" ಕೆಲಸ ಹೋದೀತೆಂಬ ಹೆದರಿಕೆಗೆ ಆ ಸುಳ್ಳು ನನ್ನದೆಂದು ತಮ್ಮೆದುರು ಒಪ್ಪಿಕೊಳ್ಳಲಿಲ್ಲ. ಅವಳ ಹೆರಿಗೆ ಮಾಡಿಸಿದ ಸೂಲಗಿತ್ತಿ ಬಾಗಿ ನನಗಿಂತ ಗಟ್ಟಿಗಿತ್ತಿ. "ಹೊಳಿ ಸಂಕ ನೆರಿಗ್ ಹೋದ್ ವರ್ಷ ಹುಟ್ಟದ್ದ್ ಅಯ್ಯಾ, ಹನ್ನೆರ್ಡೇ ಆಯ್ತ್" ಎಂದಳು. ತಾವು ಹೊಳೆಯ ಕಾಲುಸೇತುವೆ ನೆರೆಗೆ ತೇಲಿಹೋದದ್ದಕ್ಕೆ ಕಾಗದ ಕೇಳಿದಿರಿ! ವಂಡ್ಸೆಯ ವರನಿಗೆ ನಲವತ್ತು ದಾಟಿದೆ, ಎರಡನೆಯ ಸಂಬಂಧ. ಅವನಿಂದ ಮಾತ್ರ ಯಾವ ಕಾಗದವೂ ಬೇಕಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಹುಡುಗಿಯನ್ನು ಒಮ್ಮೆ ತಲೆಯೆತ್ತಿ ನೋಡುವುದಕ್ಕೆ ಕಾನೂನಿನ ಯಾವ ಕಲಮು ಅಡ್ಡ ಬಂತು?

ಹಿಂದಿರುಗುವಾಗ ಅವಳು ಕೇಳಿದಳು: "ಎಂಟ್ನೇ ಕ್ಲಾಸ್ ಪರೀಕ್ಷಿ ಮುಗಿಯೂವರಿಗಾರೂ ಮದಿ ನಿಲ್ಸುಕ್ ಆತ್ತಿಲ್ಯಾ, ಮೇಷ್ಟ್ರೇ?" ಆ ಆರು ಬರೆದವರು ಯಾರೆಂದು ಅವಳಿಗೆ ಇನ್ನೂ ಗೊತ್ತಿಲ್ಲ.

ತಮಗೆ ಬರಹ ಬೇಕಲ್ಲವೇ? ಇದೋ, ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ನನ್ನ ತಪ್ಪೊಪ್ಪಿಗೆ. ಸುಳ್ಳು ದಾಖಲೆ ಬರೆದದ್ದಕ್ಕೆ ನನ್ನ ಮೇಲೆ ಮೊಕದ್ದಮೆ ಹೂಡಿ, ಕೆಲಸ ಕಿತ್ತುಕೊಳ್ಳಿ, ಜೈಲಿಗೂ ಕಳುಹಿಸಿ. ಆದರೆ ನನ್ನನ್ನು ಸುಳ್ಳುಗಾರನೆಂದು ಬರೆಯುವ ಆ ಕಾಗದದಲ್ಲೇ ಅವಳಿಗೆ ಹನ್ನೆರಡು ಎಂದೂ ಬರೆಯಬೇಕು, ಬುಧವಾರ ಸಂಜೆಯೊಳಗೆ ಬರೆಯಬೇಕು. ಗುರುವಾರ ಬರೆದರೆ ಶಿಕ್ಷೆ ನನಗೊಬ್ಬನಿಗೇ ಆಗುವುದಿಲ್ಲ.

ಇಂತಿ,
ಅಂದು ಬರೆದ ಕೈಯಿಂದಲೇ ಇಂದು ರುಜು ಹಾಕಿದ
ಚಂದಯ್ಯ ಮೇಷ್ಟ್ರು