ತುಟಿ ಆಡಿಸದೆ ಓದಿದ್ದು

ಅಪ್ಪಾ,

ನೀನು ಹೋದ ಮೇಲೆ ಖಾಲಿ ಬಿದ್ದಿದ್ದ ನಿನ್ನ ಕುರ್ಚಿಯಲ್ಲೇ ಕೂತು, ಇವತ್ತು ಕಂಪ್ಯೂಟರಿನಲ್ಲಿ ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದೆ. ನಕಲು ಮಾಡದ ಹಾಗೆ ಪರದೆಯಾಚೆಯಿಂದ ಕಾವಲು ಕೂತವಳು, "ಮಿಸ್ ಕೋಂಬ್ಸ್, ತುಟಿ ಆಡಿಸ್ಕೊಂಡು ಓದೋ ಹಾಗಿಲ್ಲ" ಎಂದಳು. ನಿನ್ನ ಚಾಳಿ ನನಗೂ ಬಂದಿದೆ ನೋಡು. "ಕಣ್ಣು ಕಂಡಿದ್ದು ಬಾಯಿಗೂ ಗೊತ್ತಾಗ್ಲಿ ಬಿಡೇ" ಅನ್ನುತ್ತಿದ್ದೆಯಲ್ಲ ನೀನು.

ಕಲ್ಲಿದ್ದಲು ಕಂಪನಿಯವರು ಗಣಿಯ ದೂಳಿನಿಂದ ಬಂದ ನಿನ್ನ ಎದೆರೋಗದ ಪರಿಹಾರದ ಕಾಗದ ಮುಂದಿಟ್ಟ ದಿನ, ಹದಿಮೂರರ ನಾನು ಪಕ್ಕದಲ್ಲಿದ್ದೆ. "ತುಟಿ ಆಡಿಸ್ಬೇಡಪ್ಪಾ, ಎಲ್ರೂ ನೋಡ್ತಿದಾರೆ" ಎಂದೆ. ನೀನು ನಕ್ಕು ಬಾಯಿ ಮುಚ್ಚಿಕೊಂಡೆ.

ಇವತ್ತು ನಾನೂ ಮುಚ್ಚಿಕೊಂಡೆ. ಆಮೇಲೆ ಓದಿದ್ದು ಒಂದು ಸಾಲೂ ತಲೆಗೆ ಹೋಗಲಿಲ್ಲ.

ನಾನು ಜೂನ್‌ನಲ್ಲಿ ಮತ್ತೆ ಪರೀಕ್ಷೆಗೆ ಕೂರಬಹುದು, ಅಪ್ಪಾ. ನೀನು ಅವತ್ತೇ ಆ ಕಾಗದಕ್ಕೆ ಸಹಿ ಹಾಕಿದ್ದೆ.