ಮೇಲ್ಸೇತುವೆಯ ಬಿಳಿ ಪಿಕಪ್

ಸೋಮವಾರ, ಮಾರ್ಚ್ 4
ಮತ್ತೆ ಮೇಲ್ಸೇತುವೆಯ ಏರಿನಲ್ಲಿ. ಅದೇ ಬಿಳಿ ಪಿಕಪ್. ಪಕ್ಕಕ್ಕೆ ಬಂದು ನಿಧಾನ ಮಾಡಿತು, ಸ್ವಲ್ಪ ಮುಂದೆ ಸರಿಯಿತು, ಬುಸ್ಸೆಂದು ಕರಿ ಹೊಗೆ ಬಿಟ್ಟಿತು. ಎಡಕ್ಕೆ ಗೋಡೆ, ಹಿಂದೆ ಲಾರಿ. ಸೈಕಲ್ಲಿನವನು ಎಲ್ಲಿಗೆ ಹೋಗಬೇಕು? ಒಳಗೆ ಇಬ್ಬರು ಬಿದ್ದು ಬಿದ್ದು ನಗುತ್ತಿದ್ದರು. ಮುಖಕ್ಕೆ ಕಟ್ಟಿದ್ದ ಕರ್ಚೀಫು ಮಸಿಬಟ್ಟೆ.
ಆಮೇಲೆ ಕೆಲಸ — ಭಾವನ ಹೊಗೆ ತಪಾಸಣೆ ಅಂಗಡಿ. ದಾರಿಯಲ್ಲಿ ಹೊಗೆ ಕುಡಿಯುವುದು, ಬಂದು ಹೊಗೆ ಅಳೆಯುವುದು... ಒಳ್ಳೆ ಬಾಳು.

ಬುಧವಾರ, ಮಾರ್ಚ್ 6
ಇವತ್ತೂ. ಸಂಜೆಯಿಂದ ಕೆಮ್ಮು. "ಬಸ್ಸಲ್ಲಿ ಹೋಗೋ" ಅಂದಳು ಅಕ್ಕ. ಅಂಗಡಿಯ ಕಡೆಗೆ ಬಸ್ಸೆಲ್ಲಿ?
ಭಾವ: "ಪಕ್ಕಕ್ಕೆ ಸರಿದ್ರೆ ಆಯ್ತಪ್ಪ."
ಗೋಡೆಯೊಳಗೆ ಸರಿಯಲೇ? ಕೇಳಲಿಲ್ಲ. ಉಣ್ಣುವುದು ಅವರ ಮನೆಯಲ್ಲಿ, ದುಡಿಯುವುದು ಅವರ ಅಂಗಡಿಯಲ್ಲಿ. ಬಾಯಿಗೆ ಬೇರೆ ಕರ್ಚೀಫು ಬೇಕಿಲ್ಲ.

ಶನಿವಾರ, ಮಾರ್ಚ್ 9
ಬಂತು! ಅದೇ ಪಿಕಪ್, ನಮ್ಮ ಅಂಗಡಿಗೇ. ಡ್ರೈವರ್‌ಗೆ ನನ್ನ ಗುರುತಿಲ್ಲ. ಸೈಲೆನ್ಸರ್ ಒಳಗೆ ಪೈಪು ಇಟ್ಟು ಆಕ್ಸಿಲರೇಟರ್ ಒತ್ತಿಸಿದೆ. ಮೆಷಿನ್ ಫೇಲ್ ಅಂದಿತು. ಎಷ್ಟು ಖುಷಿಯಾಯಿತೆಂದರೆ...
"ಭಾವ, ಇದೇ ಗಾಡಿ," ಪಿಸುಗುಟ್ಟಿದೆ.
"ಆದ್ರೇನೀಗ? ಇವರ ಓನರ್ ಹತ್ರ ಇಂಥವು ಇಪ್ಪತ್ತಿವೆ, ಎಲ್ಲಾ ನಮ್ಮಲ್ಲಿಗೇ ಬರೋದು. ಪೈಪು ಸ್ವಲ್ಪ ಹೊರಗೆ ಹಿಡಿ."
ನಮ್ಮ ಅಂಗಡಿಯ ಕೈಚಳಕ ಇದು. ಪೈಪಿನ ತುದಿ ಸೈಲೆನ್ಸರ್ ಬಾಯಿಯ ಪಕ್ಕ ನಿಂತರೆ ಮೆಷಿನ್ ಬರೀ ಗಾಳಿ ಕುಡಿಯುತ್ತದೆ. ಹಿಡಿದೆ. ಪಾಸ್. ಹಿಂದಿನ ಗಾಜಿಗೆ ಅಂಗಡಿಯ ಸ್ಟಿಕ್ಕರ್ ಅಂಟಿಸಿದ್ದೂ ನಾನೇ. "ಥ್ಯಾಂಕ್ಸ್ ಗುರು" ಎಂದು ಡ್ರೈವರ್ ಬೆನ್ನು ತಟ್ಟಿದ.
ನನ್ನ ಮೇಲೆ ನನಗೇ ಅಸಹ್ಯ.

ಸೋಮವಾರ, ಮಾರ್ಚ್ 18
ಬರೆಯಲು ಮನಸ್ಸಾಗಿರಲಿಲ್ಲ. ಪಿಕಪ್ ಕಾಣದೆ ಒಂದು ವಾರವಾಯಿತು. ಪೀಡೆ ತೊಲಗಿತೇ?
ಅಕ್ಕನ ಮಗಳಿಗೆ ಹೊಸ ಸೈಕಲ್. ನಾಳೆಯಿಂದ ಕಾಲೇಜಿಗೆ ನನ್ನ ಜೊತೆ, ಅದೇ ಏರಿನಲ್ಲಿ. ಚಿಕ್ಕಂದಿನಿಂದ ಉಬ್ಬಸದ ಹುಡುಗಿ. ಬೇಡವೆಂದೆ.
"ನೀನಿರ್ತೀಯಲ್ಲ ಮಾಮ," ಅಂದಳು.
ಭಾವನ ಮುಖ ನೋಡಿದೆ. ಪೇಪರ್ ಓದುತ್ತಿದ್ದರು. ಬಿಸಿ ತುಪ್ಪ — ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಂಗಳವಾರ, ಮಾರ್ಚ್ 19. ಆಸ್ಪತ್ರೆ
ಏರಿನಲ್ಲಿ ಅವಳು ಮುಂದೆ, ನಾನು ಹಿಂದೆ. ಪಿಕಪ್ ನನ್ನನ್ನು ದಾಟಿ ಅವಳ ಪಕ್ಕಕ್ಕೆ ಹೋಯಿತು. ಕೂಗಿಕೊಂಡೆ. ಹೊಗೆ ಕರಗುವ ಹೊತ್ತಿಗೆ ಅವಳು ಗೋಡೆಗೆ ಒರಗಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಇನ್ಹೇಲರ್ ಸಾಲಲಿಲ್ಲ. ಆಟೋದಲ್ಲಿ ಹಾಕಿಕೊಂಡು ಬಂದೆ. ಜೀವಕ್ಕೆ ಅಪಾಯವಿಲ್ಲವಂತೆ. ಸದ್ಯ.
ಭಾವ ಓಡಿ ಬಂದರು. ಮಗಳ ಕೈ ಹಿಡಿದು ಅತ್ತರು. "ನಂಬರ್ ನೋಡಿದ್ಯಾ ಪುಟ್ಟಿ? ಯಾವನೇ ಆಗ್ಲಿ, ಬಿಡಲ್ಲ."
ಅವಳು ಮಾಸ್ಕ್ ಸರಿಸಿದಳು. "ನಂಬರ್ ಕಾಣ್ಲಿಲ್ಲಪ್ಪ. ಹಿಂದಿನ ಗಾಜಲ್ಲಿ ನಮ್ಮ ಅಂಗಡಿ ಸ್ಟಿಕ್ಕರ್ ಇತ್ತು, ಹೊಸದು. ನಮ್ಮಲ್ಲೇ ಪಾಸಾಗಿದೆ ಅಂದ್ರೆ ಮಾಮನಿಗೆ ಗೊತ್ತಿರತ್ತೆ... ಅಲ್ವಾ ಮಾಮ?"
ಭಾವ ನನ್ನ ಕಡೆ ತಿರುಗಿದರು. ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದರು. ಕೆಮ್ಮು ಬಂದವನಂತೆ ಹೊರಗೆ ಬಂದುಬಿಟ್ಟೆ.
ಒಳಗಿಂದ ಕರೆಯುತ್ತಿದ್ದಾಳೆ. ಮಾಮ, ಮಾಮ... ಆ ಉಸಿರಲ್ಲೂ. ಹೋಗುತ್ತೇನೆ. ಭಾವನ ಮುಂದೆಯೇ ಹೇಳುತ್ತೇನೆ, ಪೈಪು ಹಿಡಿದವನು —