ಕಾಟಾ ಚೀಟಿಯ ಕೆಳಗಿನ ನಂಬರು

ಚಿಗವ್ವಾ,

ಮೊನ್ನೆ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಚಪಾತಿಯೋ ಅನ್ನವೋ ಎಂದು ಭಟ್ಟರು ಕೇಳಿದರು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಗಿ ನಿನ್ನ ನಂಬರು ಒತ್ತಿತು. ಆಗ ನನ್ನ ಇನ್ನೊಂದು ಜೇಬಿನಲ್ಲಿ ನಿನ್ನ ಫೋನು ರಿಂಗಾಯಿತು. ಹಿಂದೆ ನಿಂತಿದ್ದವನೊಬ್ಬ, ಎರಡೆರಡು ಫೋನು, ರಿಚ್ ಪಾರ್ಟಿ ಎಂದು ನಕ್ಕ. ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ಬಂದೆ. ನಗಬೇಡ. ಊಟಕ್ಕೇನು ಎಂದು ಕೂಡ ನಿನ್ನನ್ನು ಕೇಳುತ್ತಿದ್ದವನು ನಾನು, ನಿನಗೆ ಗೊತ್ತೇ ಇದೆ.

ನೀನು ಹೋಗಿ ಎರಡು ಅಮಾವಾಸ್ಯೆ ಕಳೆದವು. ಅಳು ಬಂದು ಹೋಗಿದೆ. ಹೋಗದೆ ಕೂತಿರುವುದು ಬೇರೆ. ಶಾಕ್ ಅನ್ನುತ್ತೇವಲ್ಲ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ ಹಾಗೆ, ಅದು. ನೀನು ಸತ್ತದ್ದಕ್ಕೆ ಮಾತ್ರ ಅಲ್ಲ, ಸತ್ತ ಮೇಲೆ ನಾನು ಕಂಡದ್ದಕ್ಕೆ. ಅದನ್ನು ಯಾರ ಹತ್ತಿರ ಹೇಳಲಿ? ಅವ್ವನಿಗೆ ಹೇಳಿದರೆ ಅವಳ ತಂಗಿಯ ಮೇಲೆ ಚಾಡಿ ಹೇಳಿದಂತಾಗುತ್ತದೆ. ಕೊನೆಗೆ ನಿನಗೇ ಬರೆಯಲು ಕೂತೆ. ಇದೂ ನಿನ್ನನ್ನು ಕೇಳುವ ಆ ಹಳೆಯ ಚಟವೇ ಇರಬೇಕು...

ಕಾಲೇಜು ಸೇರಿದ ಮೊದಲ ತಿಂಗಳು ನಮ್ಮ ಇಂಗ್ಲಿಷ್ ಮೇಡಂ ಎಲ್ಲರಿಗೂ ಒಂದು ಸೆಮಿನಾರ್ ಕೊಟ್ಟಿದ್ದರು, ನೆನಪಿದೆಯಾ? ನೀವು ಕಣ್ಣಾರೆ ಕಂಡ ಒಬ್ಬ ಲೀಡರ್ ಬಗ್ಗೆ ಮಾತಾಡಿ ಎಂದು. ನಾನು ನಿನ್ನ ಬಗ್ಗೆ ಮಾತಾಡಿದೆ. ಗಂಗಾವತಿಯಲ್ಲಿ ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಚಿಗವ್ವನ ಸಾಫ್ಟ್‌ವೇರ್ ಕಂಪನಿ ಇದೆ, ಫ್ಲಾಪಿಗಳ ಕಾಲದಲ್ಲಿ ಎರಡು ಕಂಪ್ಯೂಟರ್ ಇಟ್ಟು ಶುರು ಮಾಡಿದ್ದು ಎಂದೆ. ಭತ್ತದ ಟ್ರ್ಯಾಕ್ಟರ್ ರೈಸ್ ಮಿಲ್ಲಿನ ಕಾಟಾದ ಮೇಲೆ ತುಂಬಿ ಹತ್ತುತ್ತದೆ, ಇಳಿಸಿ ಬಂದು ಖಾಲಿ ಹತ್ತುತ್ತದೆ, ಮೊದಲಿನ ತೂಕದಿಂದ ಎರಡನೆಯದನ್ನು ಕಳೆದು ರೈತನ ಕೈಗೆ ಚೀಟಿ ಕೊಡುವ ಪ್ರೋಗ್ರಾಂ ನಮ್ಮದು ಎಂದೆ. ಚೀಟಿಯ ಕೆಳಗೆ 'ತೊಂದರೆ ಇದ್ದರೆ ಕರೆ ಮಾಡಿ' ಎಂದು ಅಚ್ಚಾಗುವ ನಂಬರು ಆಫೀಸಿನದಲ್ಲ, ಆಕೆಯ ಸ್ವಂತದ್ದು ಎಂದಾಗ ಹುಡುಗರು ಚಪ್ಪಾಳೆ ಹೊಡೆದರು. ಆಕೆಯ ಕ್ಯಾಬಿನ್ನಿನ ಬಾಗಿಲನ್ನು ಯಾರೂ ಮುಚ್ಚಿದ್ದು ನೋಡಿಲ್ಲ, ಆ ಆಫೀಸಿನಲ್ಲಿ ಯಾರಿಗೂ ಭಯವಿಲ್ಲ ಎಂದೆ. ಅದಕ್ಕೆ ಸಾಕ್ಷಿಯಾಗಿ ಬಸಣ್ಣನ ಕತೆ ಹೇಳಿದೆ.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗಿನ ದಸರಾ ರಜೆ ಅದು. ಕುಷ್ಟಗಿಯ ಹಾಸ್ಟೆಲ್ಲಿನಿಂದ ನೇರ ನಿನ್ನ ಆಫೀಸಿಗೆ ಬಂದು, ಕೆಟ್ಟುಹೋದ ಚೀಟಿಗಳ ಹಿಂದೆ ಚಿತ್ರ ಬರೆಯುತ್ತ ಕೂತಿದ್ದೆ. ಆ ಪ್ರೋಗ್ರಾಮನ್ನು ಬರೆದವನೇ ಬಸಣ್ಣ. ರೈತರಿಗೆ ಓದಲು ಬರಲಿ ಎಂದು ಅವನು ಚೀಟಿಯ ಮೇಲೆ ನಿಕ್ಕಿ ತೂಕದ, ಅಂದರೆ ಕಳೆದು ಉಳಿದ ಭತ್ತದ ತೂಕದ, ಅಂಕಿಗಳನ್ನು ದೊಡ್ಡದು ಮಾಡಿದ್ದ. ನಿನ್ನನ್ನು ಕೇಳಿರಲಿಲ್ಲ. ಯಾವುದೋ ಮಿಲ್ಲಿನವರು ಫೋನು ಮಾಡಿದಾಗ ನಿನಗೆ ಗೊತ್ತಾಯಿತು. ನಮ್ಮ ವಾರ್ಡನ್ ಆಗಿದ್ದರೆ ಬೆತ್ತ ತೆಗೆಯುತ್ತಿದ್ದರು. ನಾನು ಪೆನ್ಸಿಲ್ ಬಿಟ್ಟು ಕಿವಿ ಮುಚ್ಚಿಕೊಂಡೆ. ನೀನು ಅವನನ್ನು ಒಳಗೆ ಕರೆದು ಎದುರಿಗೆ ಕೂಡಿಸಿ, ಚಾ ತರಿಸಿ, ತಲೆ ಸವರುವಂಥ ದನಿಯಲ್ಲಿ ಮಾತಾಡಿದೆ.

"ನಿನಗ್ಯಾಕ ಬಸಣ್ಣಾ ಈ ತಲಿನೋವು? ನನ್ನ ಒಂದು ಮಾತು ಕೇಳಿದ್ರ ಮುಗೀತಿತ್ತಲ್ಲ. ನಾ ಅದೀನಲ್ಲ."

ಚಾ ಮುಗಿಯುವ ಹೊತ್ತಿಗೆ ಅಂಕಿಗಳು ಮತ್ತೆ ಸಣ್ಣವಾಗಿದ್ದವು. ಮಿಲ್ಲಿಗೆ ನೀನೇ ಫೋನು ಮಾಡಿ, ತಪ್ಪು ನನ್ನದು ಎಂದೆ. ಈ ಕತೆಗೆ ಮೇಡಂ ನನಗೆ ಎಕ್ಸಲೆಂಟ್ ಕೊಟ್ಟರು. ಅವತ್ತು ಫೋನಿನಲ್ಲಿ ಹೇಳಿದಾಗ ನೀನು ಎಷ್ಟು ನಕ್ಕಿದ್ದೆ.

ಆ ಶುಕ್ರವಾರ ನಾನು ಕೊಪ್ಪಳದ ಹಾಸ್ಟೆಲ್ಲಿನಲ್ಲಿ ಬ್ಯಾಗು ತುಂಬಿಕೊಂಡು ಕೂತಿದ್ದೆ. ಇವತ್ತೇ ಗಂಗಾವತಿಗೆ ಬರಲೋ ನಾಳೆ ಬರಲೋ ಎಂದು ಕೇಳಲು ಫೋನು ಮಾಡಿದೆ. ನೀನು ಎತ್ತಲಿಲ್ಲ. ಮತ್ತೆ ಮಾಡಿದೆ. ಬಸ್ಸುಗಳು ಹೋಗುತ್ತಿದ್ದವು, ಬ್ಯಾಗು ತೊಡೆಯ ಮೇಲಿತ್ತು, ನೀನು ಹೂಂ ಅನ್ನದೆ ಏಳುವುದು ಹೇಗೆ ಎಂದೇ ನನಗೆ ಹೊಳೆಯಲಿಲ್ಲ. ಕೊನೆಗೆ ಫೋನು ಬಂದದ್ದು ನಿಮ್ಮ ಆಫೀಸಿನ ಶಾಹೀದಾ ಆಪಾಳಿಂದ. ಮಹಡಿಯ ಮೆಟ್ಟಿಲ ಮೇಲೆ ನೀನು ಎದೆ ಹಿಡಿದು ಕೂತೆಯಂತೆ. ಆಸ್ಪತ್ರೆಯ ಗೇಟು ಕಾಣುವಷ್ಟರಲ್ಲಿ...

ನಿನ್ನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ, ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅವ್ವ ಒಳಗೆ ಹೆಂಗಸರ ನಡುವೆ ಕೂತಿದ್ದಳು. ಹನುಮಸಾಗರದಿಂದ ಬಂದ ನೆಂಟರು ಹೊರಟು ನಿಂತಿದ್ದರು. ಬಸಣ್ಣ ಬಂದು ಜಮಖಾನೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ, ಬೆನ್ನ ಹಿಂದೆ ಶಾಹೀದಾ ಆಪಾ. ಒಂದು ಮಾತು ಕೇಳಬೇಕಿತ್ತು ಎಂದ. ಕಾರ್ಯದ ಖರ್ಚಿನ ವಿಷಯವಿರಬೇಕು ಎಂದುಕೊಂಡೆ.

"ಹೊಸಾ ವರ್ಶನ್ನು ಮಿಲ್ಲಿನಾಗ ಹ್ಯಾಂಗ್ ಆಗಾಕತ್ತೈತಿ ತಮ್ಮಾ. ಚೀಟಿ ಬರವಲ್ದು. ಏನ್ ಮಾಡೂಣು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಬಿಡಿಸಿ ಬಿಡಿಸಿ ಕೇಳಿದೆ. ನೀನು ಹೋಗುವ ಹಿಂದಿನ ದಿನ ಎಲ್ಲ ಮಿಲ್ಲುಗಳಿಗೂ ಹೊಸ ಪ್ರೋಗ್ರಾಂ ಹಾಕಿದ್ದಿರಿ. ಕಾಟಾ ತೂಕ ತೋರಿಸುತ್ತದೆ, ಚೀಟಿ ಮಾತ್ರ ಅಚ್ಚಾಗುವುದಿಲ್ಲ. ಕೊನೆಗೆ ಅಚ್ಚಾದ ಚೀಟಿ ಸಿಗುವ ನಂಬಿಕೆ ಇಲ್ಲದೆ ಹೆಚ್ಚಿನ ರೈತರು ಭತ್ತ ಇಳಿಸುವುದಿಲ್ಲ. ಹಳೆಯ ಪ್ರೋಗ್ರಾಮನ್ನು ವಾಪಸ್ ಹಾಕಿದರೆ ಎಲ್ಲ ಸರಿಹೋಗುತ್ತದೆ, ಆದರೆ ನಡುವೆ ದಾಖಲಾದದ್ದು ಅಳಿಸಿಹೋಗುತ್ತದೆ. ಇಳಿಸಿದ ಕೆಲವರಿಗೆ ಮಿಲ್ಲಿನವರು ಬರೆದಿಟ್ಟ ಕೈಚೀಟಿ ನೋಡಿ ಮತ್ತೆ ಕಂಪ್ಯೂಟರಿಗೆ ಹೊಡೆಯಬೇಕು. ಬಸಣ್ಣಾ, ನಿನಗೆ ಇದೆಲ್ಲ ಯಾವಾಗ ಗೊತ್ತಾಯಿತು ಎಂದೆ. ಅಕ್ಕ ಹೋದ ದಿನ ಸಂಜೆಯೇ ಎಂದ.

ಹಾಗಾದರೆ ಈ ಮೂರು ದಿನ? ಫೋನು ಮಾಡಿದ ಮಿಲ್ಲಿನವರಿಗೆಲ್ಲ ಏನು ಹೇಳಿದಿರಿ? ಆಫೀಸಿನ ಫೋನು ಎತ್ತುವವಳು ಶಾಹೀದಾ ಆಪಾ, ಅವಳೇ ಬಾಯಿ ಬಿಟ್ಟಳು.

"ಅಕ್ಕಾನ್ನ ಕೇಳಿ ಹೇಳ್ತೀವಿ ಅಂದ್ವಿ."

ಚಿಗವ್ವಾ, ನಿನ್ನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದಾಗ, ಹೂವಿನ ಹಾರ ನಿನ್ನ ಕೊರಳಲ್ಲಿ ಇದ್ದಾಗ, ಊದಿನಕಡ್ಡಿ ಉರಿಯುತ್ತಿದ್ದಾಗ, ಇವರು ಫೋನು ಎತ್ತಿ, ಅಕ್ಕನನ್ನು ಕೇಳಿ ಹೇಳುತ್ತೇವೆ ಎಂದಿದ್ದರು. ಬೇರೆ ಮಾತೇ ಬಾಯಿಗೆ ಬರಲಿಲ್ಲ, ಇಷ್ಟು ವರ್ಷ ಅದೊಂದೇ ಹೇಳಿದ್ದು, ಏನು ಮಾಡಲಿ ಎಂದು ಆಪಾ ಸೆರಗು ಕಚ್ಚಿ ಅತ್ತಳು. ಶಾಕ್ ಹೊಡೆದದ್ದು ಆಗಲೇ. ಈಗಲೂ ಆ ಮಾತು ನೆನಪಾದರೆ ಹಾಗೇ ಆಗುತ್ತದೆ.

ಅಷ್ಟರಲ್ಲಿ ಆಂಧ್ರದಿಂದ ಬಂದವರ ಕ್ಯಾಂಪಿನ ಮಿಲ್ಲಿನ ಮಾಲೀಕ ಸುಬ್ಬರಾವ್ ಮಾತಾಡಿಸಿಕೊಂಡು ಹೋಗಲು ಬಂದರು. ಅವರ ಮಿಲ್ಲಿನ ಗೇಟಿನಿಂದ ಕಾಲುವೆ ರಸ್ತೆಯವರೆಗೆ ಟ್ರ್ಯಾಕ್ಟರುಗಳು ನಿಂತಿವೆಯಂತೆ. ರೈತರು ಭತ್ತದ ಮೇಲೆಯೇ ಕಂಬಳಿ ಹೊದ್ದು ಮಲಗುತ್ತಿದ್ದಾರಂತೆ. ಮೋಡವಾದರೆ ಗತಿ ಏನು ಎಂದು ಅವರು ಜಗಳ ಆಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅಮ್ಮಗಾರು ಇದ್ದಿದ್ದರೆ ಒಂದು ಫೋನು ಸಾಕಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಈಗ ನೀವೇ ಏನಾದರೂ ಮಾಡಬೇಕು ಸಾರ್ ಎಂದರು. ಸಾರ್. ನನಗೆ! ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಲೂಪ್ ಬರೆಯಲು ತಡಕಾಡುವವನಿಗೆ. ನಿನ್ನ ರಕ್ತ ಎಂಬುದೊಂದೇ ನನ್ನ ಕ್ವಾಲಿಫಿಕೇಷನ್.

ಬಸಣ್ಣ ಇನ್ನಷ್ಟು ಹತ್ತಿರ ಸರಿದು, ನೀನು ಹೂಂ ಅಂದರೆ ಹಳೆಯದು ಹಾಕಿಬಿಡುತ್ತೇವೆ ಎಂದ. ನನಗೆ ಸಿಟ್ಟು ಬಂತು. ಗೊತ್ತಿದ್ದೂ ಮೂರು ದಿನ ಯಾಕೆ ಸುಮ್ಮನಿದ್ದಿರಿ, ಅವಳೇನು ಬೈಯುತ್ತಿದ್ದಳಾ, ಹೊಡೆಯುತ್ತಿದ್ದಳಾ ಎಂದೆ. ಆಗ ಅವನು ಹೇಳಿದ್ದನ್ನು ನಿನಗೆ ಹೇಳಲೋ ಬೇಡವೋ ಎಂದು ಎಷ್ಟೋ ದಿನ ಯೋಚಿಸಿದೆ.

"ಅಕ್ಕಾರು ಬೈತಿದ್ದಿಲ್ಲ ತಮ್ಮಾ. ಬೈದಿದ್ರ ನಾನೂ ಒಂದಿನ ತಿರುಗಿ ಮಾತಾಡ್ತಿದ್ನೇನೋ. ಚಾ ಕುಡಿಸಿ ಕಳಸ್ತಿದ್ರು. ಅವರ ಚಾ ಕುಡುದು ಬಂದಾವ ಅವರಿಗೆ ಹ್ಯಾಂಗ ಎದುರಾಡ್ತಾನ? ಆ ಚೀಟಿ ಮ್ಯಾಲಿನ ಅಂಕಿ ದೊಡ್ಡದು ಮಾಡಿದ್ನಲ್ಲ, ನೀ ಅಲ್ಲೇ ಇದ್ದಿ. ಅವತ್ತ ಕಡೀ. ಮುಂದ ನಾ ಯಾವುದನ್ನೂ ಕೇಳದ ಮಾಡ್ಲಿಲ್ಲ."

ನನ್ನ ಎಕ್ಸಲೆಂಟ್ ಕತೆ. ಅದೇ ಚಾ, ಅದೇ ದನಿ, ಅದೇ ತೆರೆದ ಬಾಗಿಲು. ನಾನು ಅದೇ ಕೋಣೆಯಲ್ಲಿ ಕೂತು ಕಣ್ಣಾರೆ ನೋಡಿದ್ದೆ, ಆದರೂ ನೋಡಿರಲಿಲ್ಲ. ಭಯವಿಲ್ಲದ ಆಫೀಸು ಎಂದು ಮೈಕಿನಲ್ಲಿ ಹೇಳಿದೆನಲ್ಲ, ಭಯ ಇದ್ದಿದ್ದರೆ ಯಾರಾದರೂ ಒಬ್ಬ ಕೆಲಸ ಬಿಟ್ಟು ಹೋಗಿ ಬೇರೆ ಕಡೆ ನೆಟ್ಟಗೆ ನಿಲ್ಲುತ್ತಿದ್ದ. ಇಲ್ಲಿ ಯಾರೂ ಬಿಟ್ಟು ಹೋಗಲಿಲ್ಲ, ಯಾರೂ ನಿಲ್ಲಲೂ ಇಲ್ಲ. ಮತ್ತೆ ನಾನು? ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು, ನೀನು ಹೂಂ ಅನ್ನಲಿ ಎಂದು ಕಾಯುತ್ತ...

ಹೂಂ ಅನ್ನುವುದು ಸುಲಭವಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ತಪ್ಪಾದರೆ ಏನು ಗತಿ ಎಂದು ಬಸಣ್ಣ ಕೇಳಿದಾಗ, ನಿನ್ನ ಆ ಎರಡು ಮಾತಿನ ಗುಳಿಗೆ, ನಾ ಅದೀನಲ್ಲ ಎಂಬುದು, ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಅದನ್ನು ನುಂಗಿಕೊಂಡೆ. ನಿನ್ನ ಆಣೆ, ಅಷ್ಟು ಕಹಿಯಾದದ್ದನ್ನು ನಾನು ಯಾವತ್ತೂ ನುಂಗಿಲ್ಲ.

"ನಂಗ ಗೊತ್ತಿಲ್ಲ ಬಸಣ್ಣ. ನಾ ಹೂಂ ಅನ್ನಾಂಗಿಲ್ಲ. ಬರದವ ನೀನು, ನಿನಗ ಗೊತ್ತೈತಿ."

ಆ ಮನೆಯಲ್ಲಿ ಯಾರೂ ಗೊತ್ತಿಲ್ಲ ಎಂಬ ಮಾತು ಕೇಳಿರಲಿಲ್ಲ ಅನ್ನಿಸುತ್ತದೆ. ಬಸಣ್ಣನ ಮುಖ ಕಪಾಳಕ್ಕೆ ಹೊಡೆಸಿಕೊಂಡವನ ಹಾಗಾಯಿತು. ಶಾಹೀದಾ ಆಪಾ ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಏಳೋ ಮಾರಾಯಾ. ಇಷ್ಟು ದಿನ ಅಕ್ಕಾನ್ನ ಕೇಳಿದಿ, ಇವತ್ತು ಈ ಹುಡುಗನ್ನ ಕೇಳಿದಿ. ಇವ ಹಾಸ್ಟೆಲ್ಲಿಗೆ ಹ್ವಾದ್ರ ನಾಳಿ ಯಾರನ್ನ ಕೇಳ್ತಿ, ಕ್ಯಾಬಿನ್ನಿನ ಚಿಲಕಾನ?"

ಸುಬ್ಬರಾವ್ ಕೆಮ್ಮಿದಂತೆ ಮಾಡಿ ನಗು ಮುಚ್ಚಿಕೊಂಡರು. ಬಸಣ್ಣ ಎದ್ದ. ಬಾಗಿಲಲ್ಲಿ ಗಾಬರಿಯಲ್ಲಿ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನದು ಎರಡು ಸೈಜು ದೊಡ್ಡದು. ಆ ವಾರವೆಲ್ಲ ನಾನು ಅದರಲ್ಲೇ ಓಡಾಡಿದೆ.

ಸಂಜೆಗೆ ಚೀಟಿಗಳು ಬರತೊಡಗಿದವು. ಟ್ರ್ಯಾಕ್ಟರುಗಳು ಸರಿದವು. ಎಲ್ಲ ಚೆಂದವಾಯಿತು ಎಂದು ಬರೆಯಲಾರೆ, ಆಗಲಿಲ್ಲ. ಸುಬ್ಬರಾವ್ ಮಿಲ್ಲಿನ ಒಂದಿಷ್ಟು ಕೈಚೀಟಿಗಳು ಎಲ್ಲೋ ಕಳೆದಿದ್ದವು, ಅವುಗಳ ದಾಖಲೆ ಅಳಿಸಿಯೇಹೋಯಿತು. ಮರುದಿನ ಅವರು ಆಫೀಸಿಗೆ ಬಂದು ಈ ಸಲ ನಿಜವಾಗಿ ಕೂಗಾಡಿದರು. ಕೂಗಾಡುತ್ತ ಅಭ್ಯಾಸಬಲದಿಂದ ನಿನ್ನ ಕ್ಯಾಬಿನ್ನಿನ ಕಡೆ ತಿರುಗಿದರು. ಬಾಗಿಲು ತೆರೆದೇ ಇತ್ತು, ಕುರ್ಚಿ ಖಾಲಿ. ಎರಡು ಹೆಜ್ಜೆ ಮುಂದೆ ಬಂದದ್ದು ಬಸಣ್ಣ. ತಪ್ಪು ತನ್ನದು, ಆ ರೈತರನ್ನು ಕರೆಸಿ, ಕೂತು ಹೊಂದಿಸೋಣ ಎಂದ. ಇಪ್ಪತ್ತು ವರ್ಷದ ಚಾಕರಿಯಲ್ಲಿ ಆ ಮಾತು ಹೇಳುವುದಕ್ಕೆ ನೀನು ಅವನನ್ನು ಒಮ್ಮೆಯೂ ಬಿಟ್ಟಿರಲಿಲ್ಲ. ಮೂರು ದಿನ ಮಿಲ್ಲಿನಲ್ಲಿ ಕೂತು ಹೊಂದಿಸಿದ. ಒಬ್ಬ ರೈತ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ, ಬೈದುಕೊಂಡೇ ಹೋದನಂತೆ.

ಹುಲಿಗಿಗೆ ಹೋಗಿದ್ದು ನೆನಪಿದೆಯಾ? ನಾನು ಪಿಯುಸಿ ಪಾಸಾದದ್ದಕ್ಕೆ ಹುಲಿಗೆಮ್ಮನಿಗೆ ಕಾಯಿ ಒಡೆಸಲು ನೀನು ನನ್ನನ್ನು ಕರೆದುಕೊಂಡು ಹೋಗಿದ್ದೆ. ಪಾಳಿಯಲ್ಲಿ ನಿಂತಾಗ ನಿನಗೆ ಆಫೀಸಿನಿಂದ ಫೋನು ಬಂತು. ಗದ್ದಲದಲ್ಲಿ ಕೇಳುವುದಿಲ್ಲವೆಂದು ನೀನು ಪಾಳಿ ಬಿಟ್ಟು ಹೊಳೆಯ ಕಡೆ ಹೋದೆ. ವಾಪಸ್ ಬಂದು ಮತ್ತೆ ಕೊನೆಯಲ್ಲಿ ನಿಂತೆ. ಮತ್ತೆ ಫೋನು. ನನಗೆ ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಏನು ಮಾಡಲಿ, ನಾನಿಲ್ಲದೆ ಅವರಿಗೆ ಆಗುವುದಿಲ್ಲ ಎಂದೆ ನೀನು. ಆಗ ನಿನ್ನ ಮುಖದ ಮೇಲಿದ್ದದ್ದು ಸುಸ್ತು ಎಂದುಕೊಂಡಿದ್ದೆ. ಈಗ ಅನುಮಾನ. ಅದು ಖುಷಿಯೇ ಆಗಿತ್ತಾ, ಚಿಗವ್ವಾ? ಎಲ್ಲರೂ ನಿನ್ನನ್ನು ಕೇಳುತ್ತಿದ್ದೆವು. ನೀನು ಯಾರನ್ನು ಕೇಳುತ್ತಿದ್ದೆ? ಎದೆ ಹಿಡಿದಂತಾಗುತ್ತಿದೆ ಎಂದು ಮೊದಲೇ ಆ ಆಫೀಸಿನಲ್ಲಿ ಒಬ್ಬರಿಗಾದರೂ ಹೇಳಿದ್ದರೆ... ಹೇಳಿದ್ದರೂ ಅವರು, ಅಕ್ಕನನ್ನು ಕೇಳಿ ಹೇಳುತ್ತೇವೆ ಎನ್ನುತ್ತಿದ್ದರೇನೋ. ಬಿಡು. ಇದನ್ನು ಬರೆಯಬಾರದಿತ್ತು, ಬರೆದಾಯಿತು.

ಕಳೆದ ಭಾನುವಾರ ಆಫೀಸಿಗೆ ಹೋಗಿದ್ದೆ. ಶಾಹೀದಾ ಆಪಾ ಒಂದು ಚೀಟಿಯನ್ನು ನನ್ನ ಮುಂದೆ ಹಿಡಿದಳು. ನಿಕ್ಕಿ ತೂಕದ ಅಂಕಿ ದೊಡ್ಡದಾಗಿತ್ತು, ನಾನು ಏಳನೆಯ ಕ್ಲಾಸಿನಲ್ಲಿ ಕಂಡಷ್ಟೇ ದೊಡ್ಡದು. ಕಣ್ಣು ಕೆಳಕ್ಕೆ ಹೋಯಿತು. ನಾನು ಹುಟ್ಟುವುದಕ್ಕೂ ಮೊದಲಿನಿಂದ ಅಲ್ಲಿದ್ದ ನಿನ್ನ ನಂಬರು ಇರಲಿಲ್ಲ. ಆ ಮಿಲ್ಲನ್ನು ನೋಡಿಕೊಳ್ಳುವವರು ಶಾಹೀದಾ ಎಂದು ಅವಳ ಹೆಸರಿತ್ತು. ಒಂದೊಂದು ಮಿಲ್ಲಿಗೆ ಒಬ್ಬೊಬ್ಬರ ಹೆಸರಂತೆ. ನಿನ್ನನ್ನು ಎರಡನೆಯ ಸಲ ಹೊತ್ತುಕೊಂಡು ಹೋದ ಹಾಗಾಯಿತು. ಯಾರನ್ನು ಕೇಳಿ ತೆಗೆದಿರಿ ಎಂದು ಕೂಗಿದೆ. ನನಗೇ ಗೊತ್ತಿಲ್ಲದೆ ಆ ಮಾತು ಬಂತು.

"ಯಾರನ್ನೂ ಕೇಳ್ಲಿಲ್ಲ ತಮ್ಮಾ," ಎಂದ ಬಸಣ್ಣ.

ಅವನು ಎದ್ದು ಬಂದು ಸಮಜಾಯಿಷಿ ಕೊಡುತ್ತಾನೆ ಎಂದು ಕಾದೆ. ಕೊಡಲಿಲ್ಲ. ಸ್ವಲ್ಪ ಹೆದರಿದಂತೆ ನನ್ನನ್ನು ನೋಡಿ, ಮತ್ತೆ ಕೀಬೋರ್ಡಿನ ಕಡೆ ತಿರುಗಿದ. ಆಮೇಲೆ ಚಾ ಬಂತು. ಎಲ್ಲರಿಗೂ ಬಂದಂತೆ ನನಗೂ ಬಂತು. ಕುಡಿದೆ.

ಹೇಳಲೇಬೇಕಾದ ಸುದ್ದಿ ಇಷ್ಟೇ. ನಿನ್ನ ಫೋನಿಗೆ ಈಗ ಯಾವ ಮಿಲ್ಲಿನಿಂದಲೂ ಕರೆ ಬರುವುದಿಲ್ಲ. ಮೊದಮೊದಲು ಆ ಸದ್ದು ಕೇಳಿದರೆ ಬೆಚ್ಚುತ್ತಿದ್ದೆ, ಈಗ ಕೇಳದಿದ್ದರೆ ಬೆಚ್ಚುತ್ತೇನೆ. ಅದಕ್ಕೆ ಬರುವ ಕರೆಗಳು ಈಚೆಗೆ ನನ್ನವು ಮಾತ್ರ. ಇವತ್ತು ಮೆಸ್ಸಿಗೆ ಹೋಗುವ ಮೊದಲು ಅದನ್ನು ಆಫ್ ಮಾಡಿ, ಟ್ರಂಕಿನಲ್ಲಿ ನಿನ್ನ ಸೀರೆಯ ಕೆಳಗೆ ಇಟ್ಟೆ. ಅನ್ನ ಹಾಕಿಸಿಕೊಂಡೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಚಪಾತಿ ತಿಂದಿದ್ದರೆ ಚೆನ್ನಾಗಿತ್ತು.

ಯಾರನ್ನೂ ಕೇಳಲಿಲ್ಲ, ಚಿಗವ್ವಾ.

ನಿನ್ನ
ವೀರೂ